ನೈಟ್ ಹಾಲ್ಟ್

ಮೆಜೆಸ್ಟಿಕ್ ಬಿಟ್ಟರೆ ಈ ಊರು ನನಗೆ
ಸ್ಟೇಜುಗಳ ಲೆಕ್ಕದಲ್ಲೇ ಗೊತ್ತು.
ಮಲ್ಲೇಶ್ವರದಲ್ಲಿ ಚದರಡಿ ಎಷ್ಟೆಂದು ಕೇಳುವುದೇ ಬೇಡ,
ಕೇಳಿದ್ದಕ್ಕೂ ಟಿಕೆಟ್ ಹರಿದಾರು.
ಯಶವಂತಪುರ ದಾಟಿದ ಮೇಲೆ ಕಂಬಿ ಹಿಡಿದು ನಿಲ್ಲಬಹುದು,
ದಾಸರಹಳ್ಳಿಯಲ್ಲಿ ಒಂದು ಕಾಲೂರಲು ಜಾಗ.
ಎಂಟನೇ ಮೈಲಿಯಲ್ಲಿ ತಿರುಗಿ,
ಚಿಕ್ಕಬಾಣಾವರ, ಹೆಸರಘಟ್ಟ ಎಲ್ಲ ಕಳೆದು
ಬಸ್ಸು ಖಾಲಿಯಾದ ಮೇಲೆ
ನಮ್ಮಂಥವರಿಗೆ ಸೀಟು.

ಗುಳ್ಳೇನಪಾಳ್ಯದ ಸುಣ್ಣದ ಗೆರೆಯ ಮೇಲೆ ನಿಂತು
ಪಿಳ್ಳಪ್ಪ ಕೈ ಬೀಸುತ್ತಾನೆ:
"ಮೂವತ್ತು ನಲವತ್ತು, ಪೂರ್ವಕ್ಕೆ ಬಾಗಿಲು,
ಏರ್‌ಪೋರ್ಟು ಇಲ್ಲಿಂದ ಮುಕ್ಕಾಲು ಗಂಟೆ."
ಸೀರೆಯಂಚಿನ ಉತ್ತರಾಣಿ ಕೀಳುತ್ತ ಹೇಮಾವತಿ ಕೇಳುತ್ತಾಳೆ:
"ಏರ್‌ಪೋರ್ಟಲ್ಲಿ ನಮಗೇನು ಕೆಲಸ?
ರಾಜಾಜಿನಗರದ ಆಸ್ಪತ್ರೆಗೆ ಎಷ್ಟೊತ್ತು ಹೇಳಿ."
ಅವನ ಫೋನು ಆಗಲೇ
ಸದ್ದಿಲ್ಲದೆ ಹೊಡೆದುಕೊಳ್ಳುತ್ತದೆ.

ಇದೇ ಹದಿನೆಂಟು ಲಕ್ಷಕ್ಕೆ ಲಗ್ಗೆರೆಯಲ್ಲೂ ಒಂದು ನೋಡಿದ್ದೆವು.
ಹನ್ನೆರಡಕ್ಕೆ ಇಪ್ಪತ್ತೈದು,
ಮೂಲೆ ಕಚ್ಚಿದ ಬಿಸ್ಕತ್ತಿನ ಹಾಗೆ.
ಅವಳ ಆಸ್ಪತ್ರೆ ಹತ್ತಿರ, ಮಗಳ ಸ್ಕೂಲಿಗೆ ನಡಿಗೆ,
ಬೆನ್ನಿಗೆ ರಾಜಕಾಲುವೆ.
ಪಕ್ಕದ ಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ನೀರಿನ ಗೆರೆ,
ಗೆರೆಯ ಮೇಲೆ ಹೊಸ ಬಣ್ಣ,
ಬಣ್ಣದ ಮೇಲೆ ಮತ್ತದೇ ಗೆರೆ.
"ಬಿ ಖಾತಾ ಸ್ವಾಮಿ, ಇವತ್ತಲ್ಲ ನಾಳೆ ಎ ಆಗುತ್ತೆ,"
ಅಂದ ಮಾಲೀಕ, ಮಗ ಪಾಸಾಗಿಯೇ ಆಗುತ್ತಾನೆ ಅನ್ನುವವನಂತೆ.
ಹೇಮಾವತಿ ನಡುವೆ ನಿಂತು, ಎರಡೂ ಕೈ ಚಾಚಿ
ಗೋಡೆಗಳನ್ನು ಮುಟ್ಟಲು ನೋಡಿದಳು.
ಎಟುಕಲಿಲ್ಲ.
ಅಷ್ಟಕ್ಕೇ ಅವಳ ಮುಖ ಅರಳಿತು.

ಗುಳ್ಳೇನಪಾಳ್ಯ ನನಗೆ ಹೊಸದಲ್ಲ.
ಅವಳಿಗೆ ಮಾತ್ರ ಅದು
ನಾನು ಮನೆಗೆ ಬಾರದ ರಾತ್ರಿಗಳ ಹೆಸರು.
ಎರಡು ವರ್ಷ ಇಲ್ಲಿ ನೈಟ್ ಹಾಲ್ಟ್.
ಹತ್ತೂವರೆಗೆ ಅರಳಿಕಟ್ಟೆಯ ಬದಿಗೆ ಬಸ್ಸು ನಿಲ್ಲಿಸಿ
ಡ್ರೈವರ್ ಗವಿಸಿದ್ದ ಬೆಚ್ಚನೆಯ ಬಾನೆಟ್ಟಿನ ಮಗ್ಗುಲಿಗೆ,
ನಾನು ಹಿಂದೆ, ಕ್ಯಾಷ್ ಬ್ಯಾಗು ತಲೆದಿಂಬು,
ರೂಪಾಯಿ ನಾಣ್ಯಗಳು ಕಿವಿಗೆ ಒತ್ತುತ್ತಿದ್ದವು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಮೂವರ ಸೀಟಿನಲ್ಲಿ ಮಲಗಿ ನೋಡಿರಲಿಕ್ಕಿಲ್ಲ.
ನಲವತ್ತಡಿ ಉದ್ದ, ಎಂಟಡಿ ಅಗಲ,
ಸುತ್ತ ಕಿಟಕಿ, ಬಾಡಿಗೆಯಿಲ್ಲ.
ಪಿಳ್ಳಪ್ಪ ನಿಂತ ಜಾಗದಲ್ಲಿ ಆಗ ಅವರೆ ಹೊಲ.
ಡಿಸೆಂಬರಿನಲ್ಲಿ ಅದರ ಸೊಗಡು
ಗಾಜಿನ ಸಂದಿಯಲ್ಲಿ ನುಸುಳಿ
ಟಿಕೆಟ್ಟಿಲ್ಲದೆ ಪಕ್ಕದಲ್ಲಿ ಕೂರುತ್ತಿತ್ತು.
"ಅಡಿಗೆ ನೂರೈವತ್ತು, ತಗೊಳ್ಳಿ ಕಂಡಕ್ಟ್ರೇ,"
ಅಂದಿದ್ದರು ಹೊಲದವರು.
ನಕ್ಕು ಮಗ್ಗುಲು ಬದಲಿಸಿದ್ದೆ.
ನಾನು ನಿದ್ದೆ ಮಾಡಿ ಏಳುವಷ್ಟರಲ್ಲಿ
ಒಂದು ಸೊನ್ನೆ ಹತ್ತಿಕೊಂಡಿದೆ.

"ಮೊದಲ ಬಸ್ಸು ಎಷ್ಟಕ್ಕೆ?"
"ಐದು ಹತ್ತು."
"ಒಂದಿನ ಬರದೇ ಹೋದರೆ?"
"ಬರೋದೇನು, ರಾತ್ರಿ ಇಲ್ಲೇ ಮಲಗಿರುತ್ತಲ್ಲ."
ಅವಳು ನನ್ನನ್ನು ನೋಡಿದಳು.
ಎರಡು ವರ್ಷದ ರಾತ್ರಿಗಳನ್ನು
ಈಗ ಒಂದೊಂದಾಗಿ ಇಳಿಸಿಕೊಳ್ಳುತ್ತಿರುವಂತೆ
ಬಹಳ ಹೊತ್ತು ನೋಡಿದಳು.

ಆಮೇಲೆ ಮೂಲೆಗಲ್ಲಿಗೆ ಹಿಮ್ಮಡಿ ತಾಗಿಸಿ
ಅರಳಿಕಟ್ಟೆಯ ಕಡೆ ಹೊರಟಳು,
ಬಾಯಲ್ಲೇ ಎಣಿಸುತ್ತ.
ಲಗ್ಗೆರೆಯವನ ಫೋನು ಜೇಬಿನಲ್ಲಿ ನಡುಗಿ ಸುಮ್ಮನಾಯಿತು.
ಪಿಳ್ಳಪ್ಪ ಕಂಕುಳಿನಿಂದ ರಸೀದಿ ಪುಸ್ತಕ ತೆಗೆದ.
ಹೆಜ್ಜೆ ತಪ್ಪದಿರಲೆಂದು ನಾನೂ ಎಣಿಸುತ್ತಿದ್ದೆ,
ಇನ್ನೂರರ ಹತ್ತಿರ ನನ್ನ ಲೆಕ್ಕ ತಪ್ಪಿತು.

"ಮುನ್ನೂರ ಎಪ್ಪತ್ತಾರು!"
ಕಟ್ಟೆಯ ಕಡೆಯಿಂದ ಕೂಗಿದಳು.
ಸ್ವಲ್ಪ ಬಿಟ್ಟು ಮತ್ತೆ:
"ಕತ್ತಲಲ್ಲಿ ಎಷ್ಟಾಗುತ್ತೆ?"